ಕೂಸಿಗೊಂದು ಪತ್ರ

ನಿನ್ನೆ ಸಂಜೆ ದಣಪೆ ಹಾಕಿ ಒಳಗೆ ಹೊರಟವನನ್ನು ಪಕ್ಕದ ಮನೆ ಅತ್ತಿಗೆ ಬೇಲಿಯಾಚೆಯಿಂದ ಕರೆದರು.

"ಭಾವಾ, ಕೂಸಿಗೆ ನಿಂಗ ಒಂದು ಪತ್ರ ಬರ್ಕೊಡವಡ."

ಮಗಳು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಮನೆ ತಗೊಳ್ಳುತ್ತಿದ್ದಾಳೆ. ಬ್ಯಾಂಕಿನ ಸಾಲ ಮಂಜೂರಾಗಿದೆ. ಆದರೆ ಅವಳನ್ನು ಬಲ್ಲವರ ಪತ್ರಗಳಿಲ್ಲದೆ ಆ ಕಟ್ಟಡದವರು ಅರ್ಜಿಯನ್ನೇ ನೋಡುವುದಿಲ್ಲವಂತೆ. "ದುಡ್ಡು ಕೊಡದು ನಾವು, ಮತ್ತೆ ಪತ್ರ ಎಂತಕ್ಕೆ?" ಅತ್ತಿಗೆಗೆ ಬೇಸರವಾಗಿತ್ತು.

ಅದು ಕೋ-ಆಪ್ ಕಟ್ಟಡ. ಅಲ್ಲಿ ಕೈಗೆ ಬರುವುದು ಮನೆಯ ಕ್ರಯಪತ್ರವಲ್ಲ. ಕಟ್ಟಡದ ಒಡೆತನವಿರುವ ಕಂಪನಿಯ ಷೇರು, ಅದರ ಬಲದ ಮೇಲೆ ವಾಸಕ್ಕೊಂದು ಗುತ್ತಿಗೆ. ತೆರಿಗೆ, ಕಟ್ಟಡದ ಸಾಲ, ಲಿಫ್ಟಿನ ರಿಪೇರಿ ಎಲ್ಲ ಒಟ್ಟಿನ ಖರ್ಚು. ಒಬ್ಬರು ತಿಂಗಳ ಪಾಲು ಕೊಡದೆ ಕೂತರೆ ಉಳಿದವರೇ ತುಂಬಬೇಕು. ಹಾಗಾಗಿ ಬರುವವರು ಎಂಥವರು ಎಂದು ಕಟ್ಟಡದ ಬೋರ್ಡಿನವರು ಕೇಳುತ್ತಾರೆ.

ಸೊಸೈಟಿ ಎಂದರೇನೆಂದು ನಮ್ಮ ಸಿರ್ಸಿ-ಸಿದ್ದಾಪುರ ಸೀಮೆಗೆ ಬಿಡಿಸಿ ಹೇಳಬೇಕಾಗಿಲ್ಲ. 1904ರ ಕಾಯಿದೆಯಲ್ಲಿ ಹಳ್ಳಿಯ ಪತ್ತಿನ ಸಂಘಗಳಿಗೆ ಅಪರಿಮಿತ ಹೊಣೆ ಇತ್ತು. ಸಂಘ ಮುಳುಗಿದರೆ ಸದಸ್ಯನ ಗದ್ದೆ-ತೋಟಕ್ಕೂ ಕುತ್ತು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಅಂಥ ಕಾಲದಲ್ಲಿ. ಪಕ್ಕದವನು ಎಂಥವನೆಂದು ತಿಳಿಯದೆ ಆಗ ಯಾರೂ ಜಾಮೀನಿಗೆ ಸಹಿ ಹಾಕುತ್ತಿರಲಿಲ್ಲ. ಮನೆಗಾಗಿ ಹೀಗೆ ಕೂಡಿಕೊಂಡವರಲ್ಲಿ ನಮ್ಮ ಕರಾವಳಿಯ ಮೂಲದವರೂ ಇದ್ದಾರೆ. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತರು ಕಟ್ಟಿಕೊಂಡದ್ದು ದೇಶದ ಮೊದಮೊದಲ ವಸತಿ ಸಹಕಾರ ಸಂಘಗಳಲ್ಲೊಂದು. ಅದರ ಹಿಂದಿದ್ದವರು ಶ್ರೀಪಾದ ಸುಬ್ಬರಾವ್ ತಲ್ಮಕಿ.

ಆದರೆ ಬಲ್ಲವರನ್ನೇ ಸೇರಿಸಿಕೊಳ್ಳುವ ಈ ಪದ್ಧತಿ ಬೇಡದವರನ್ನು ದೂರ ಇಡುವುದಕ್ಕೂ ಬಳಕೆಯಾಗಿದೆ. ಕ್ವೀನ್ಸ್‌ನದೇ ಜಾಕ್ಸನ್ ಹೈಟ್ಸ್‌ನಲ್ಲಿ 1920ರ ದಶಕದಲ್ಲಿ ಕೋ-ಆಪ್ ಮನೆಗಳನ್ನು ಮಾರಿದಾಗ ಯಹೂದಿಗಳಿಗೂ ಕರಿಯರಿಗೂ ಪ್ರವೇಶವಿರಲಿಲ್ಲ. ಇಂದು ಅದೇ ಜಾಗದ 74ನೇ ಬೀದಿಯಲ್ಲಿ ಸಾಲಾಗಿ ಭಾರತೀಯರ ಅಂಗಡಿಗಳು. ಭೇದ ಮಾಡಬಾರದೆಂದು ಈಗ ಕಾನೂನಿದೆ. ಆದರೂ ಬೇಡವೆಂದ ಕಾರಣವನ್ನು ಬೋರ್ಡಿನವರು ಸಾಮಾನ್ಯವಾಗಿ ಹೇಳುವುದಿಲ್ಲ. ಅದು ನನಗೆ ಸರಿಕಾಣುವುದಿಲ್ಲ. ಬೇಡ ಎಂದ ಮೇಲೆ ಯಾಕೆ ಎಂದೂ ಹೇಳಬೇಕು.

"ಒಳ್ಳೆ ಕೂಸು ಹೇಳಿ ಬರದ್ರೆ ಸಾಕಾಗ್ತಿಲ್ಯ?" ಅತ್ತಿಗೆ ಕೇಳಿದರು.

ಸಾಲದು. ಒಳ್ಳೆಯವಳು, ಪ್ರಾಮಾಣಿಕಳು ಎಂದು ಎಲ್ಲರ ಪತ್ರದಲ್ಲೂ ಇರುತ್ತದೆ. ಕಂಡದ್ದನ್ನು ಬರೆಯಬೇಕು. ನಾನು ಕಂಡದ್ದು ಇದು: ಕೂಸು ಆಗ ಹೈಸ್ಕೂಲು. ನಾವು ಮನೆಮಂದಿಯೆಲ್ಲ ಮದುವೆಗೆ ಹೋಗಿದ್ದೆವು, ಅಂಗಳದ ತುಂಬ ಚಾಲಿ ಅಡಿಕೆ ಒಣಗುತ್ತಿತ್ತು. ಮಧ್ಯಾಹ್ನ ಅಕಾಲದ ಮಳೆ. ಯಾರೂ ಹೇಳದೆ ಇವಳೊಬ್ಬಳೇ ದಣಪೆ ದಾಟಿ ಬಂದು, ಬುಟ್ಟಿಯಲ್ಲಿ ಬಳಿದು ಬಳಿದು ಜಗಲಿಗೆ ಸುರಿದು, ಉಳಿದದ್ದಕ್ಕೆ ತಾಡಪತ್ರಿ ಹೊಚ್ಚಿ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದಳು. ನಾವು ಬಂದಾಗ ಅವಳ ಲಂಗದ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೆರೆಮನೆಗೆ ಎಂಥವಳು ಬರುತ್ತಾಳೆಂದು ಕೇಳುವ ಬೋರ್ಡಿಗೆ ಇದಕ್ಕಿಂತ ಬೇರೆ ಏನು ಬರೆಯಲಿ?

ಒಂದು ಮಾತನ್ನು ಅತ್ತಿಗೆಗೆ ಬಿಚ್ಚಿ ಹೇಳಿದೆ. ನನಗೆ ಗೊತ್ತಿರುವುದು ಲಂಗ ಉಟ್ಟ ಕೂಸು. ಅಲ್ಲಿ ಇರುವವಳು ಮೂವತ್ತೈದು ದಾಟಿದ ಹೆಂಗಸು. ಜೊತೆಗೆ ಕೆಲಸ ಮಾಡುವವರು ಒಬ್ಬರು, ಈಗಿನ ಬಾಡಿಗೆ ಮನೆಯ ಮಾಲೀಕರು, ಅದೇ ಕಟ್ಟಡದ ನೆರೆಯವರು, ಇವರ ಪತ್ರಗಳೂ ಇರಲಿ. ಎಷ್ಟು ವರ್ಷದ ಪರಿಚಯ, ಹೇಗೆ ಪರಿಚಯ ಎಂಬುದನ್ನೂ ಫೋನ್ ನಂಬರನ್ನೂ ಎಲ್ಲರೂ ಬರೆಯಲಿ. ಸಂಬಳ, ಸಾಲದ ಲೆಕ್ಕ ಬೇರೆ ಕಾಗದಗಳಲ್ಲಿ ಇದ್ದೇ ಇರುತ್ತದೆ.

"ಅಡ್ಡಿಲ್ಲೆ, ನಾ ರಾತ್ರಿನೇ ಬರೀತಿ," ಅಂದೆ. "ಆದ್ರೆ ಕೂಸಿನ ಹೆಸರು ಪಾಸ್‌ಪೋರ್ಟಲ್ಲಿ ಹ್ಯಾಂಗಿದ್ದು?"

ಹುಟ್ಟಿದಾಗಿನಿಂದ ನಾವೆಲ್ಲ ಕೂಸು ಎಂದೇ ಕರೆದದ್ದು. ಅತ್ತಿಗೆ ಮಗಳಿಗೆ ಫೋನ್ ಮಾಡಲು ಒಳಗೆ ಹೋದರು.