ಧೂಳು ನಮಗೆ, ಡಿವಿಡೆಂಡೂ ನಮಗಂತೆ

ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ಸಿಮೆಂಟ್ ಧೂಳಿಗೆ ಬೈಯದವರಿಲ್ಲ. ಬೈದು ಮುಗಿಸಿ, ಮೊಬೈಲ್ ತೆಗೆದು, ಅದೇ ಸಿಮೆಂಟಿನ ಷೇರು ರೇಟು ನೋಡುವವರಿಗೂ ಬರವಿಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲೆಡೆ ಒಂದೇ ಮಂತ್ರ. ಗಣಿಗೆ ಹೊಲ ಕೊಟ್ಟ ದುಡ್ಡು ಅದಾ? ರಿಟೈರಾದಾಗ ಬಂದ ಪಿಎಫ್ ಅದಾ? ಡಿವಿಡೆಂಡ್ ಕೊಡೋ ಷೇರು ತಗೊಳ್ರಿ, ಕುಂತು ಉಣ್ರಿ. ಹೇಳುವವನಿಗೆ ಕಮಿಷನ್ ಸಿಗುತ್ತದೆ. ಉಣ್ಣುವವನ ಕಥೆ ಮುಂದೆ ನೋಡೋಣ.

ದೂರ ಹೋಗುವುದು ಬೇಡ. ನಮ್ಮ ವಾಡಿಯ ಸಿಮೆಂಟ್ ಕಂಪನಿ ಎಸಿಸಿಯನ್ನೇ ತೆಗೆದುಕೊಳ್ಳಿ. 2021ರ ಸಾಲಿಗೆ ಅದು ಷೇರಿಗೆ 58 ರೂಪಾಯಿ ಡಿವಿಡೆಂಡ್ ಕೊಟ್ಟಿತು. ಜನ ಕುಣಿದರು. 2022ರ ಸೆಪ್ಟೆಂಬರಿನಲ್ಲಿ ಒಡೆತನ ಹೋಲ್ಸಿಮ್‌ನಿಂದ ಅದಾನಿಗೆ ಹೋಯಿತು. ಮುಂದಿನ ಡಿವಿಡೆಂಡ್ 9.25 ರೂಪಾಯಿ. ಅದೂ 12 ತಿಂಗಳಿಗಲ್ಲ, 15 ತಿಂಗಳಿಗೆ. ಅದರ ಮುಂದಿನದು 7.50.

ನೂರು ಷೇರು ಇಟ್ಟುಕೊಂಡವನಿಗೆ 5,800 ಬಂದಿದ್ದ ಜಾಗದಲ್ಲಿ 750. ವರ್ಷಕ್ಕೆ! ಆ ನೂರು ಷೇರಿನ ಬೆಲೆ 2025ರಲ್ಲಿ ಎರಡು ಲಕ್ಷದ ಹತ್ತಿರವಿತ್ತು. ಅದೇ ಎರಡು ಲಕ್ಷಕ್ಕೆ ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆ ಆಗ ಶೇ 8.2ರಂತೆ 16,400 ಕೊಡುತ್ತಿತ್ತು. ಆದರೆ ಪೋಸ್ಟಾಫೀಸಿನ ಬಡ್ಡಿಯನ್ನು ಕಟ್ಟೆಯ ಮೇಲೆ ಕೂತು ಹೇಳಿದರೆ ಯಾರು ಮರ್ಯಾದೆ ಕೊಡುತ್ತಾರೆ?

ಕಂಪನಿ ಮೋಸ ಮಾಡಿತೇ? ಇಲ್ಲ. ಡಿವಿಡೆಂಡ್ ಸಾಲದ ಬಡ್ಡಿಯಲ್ಲ. ಕೊಡಬೇಕೋ ಬೇಡವೋ ಎಂದು ಹೇಳುವುದು ಆಡಳಿತ ಮಂಡಳಿ. ಹೊಸ ಭಟ್ಟಿ ಕಟ್ಟುತ್ತೇವೆ, ದುಡ್ಡು ನಮ್ಮಲ್ಲೇ ಇರಲಿ ಎಂದರೆ ಮುಗಿಯಿತು. ನಿಮ್ಮ ಮೊಮ್ಮಗಳ ಫೀಸು ಅವರ ಅಜೆಂಡಾದಲ್ಲಿಲ್ಲ.

ಇನ್ನು ಜಾಣರು. ಡಿವಿಡೆಂಡಿನ ತಾರೀಖು ಹತ್ತಿರ ಬಂದಾಗ ಕೊಂಡು, ಕೈಗೆ ಬಂದೊಡನೆ ಮಾರುತ್ತಾರಂತೆ. ತಾರೀಖು ದಾಟಿದ ಬೆಳಿಗ್ಗೆ ಷೇರಿನ ಬೆಲೆಯೂ ಸುಮಾರು ಅಷ್ಟೇ ಇಳಿದಿರುತ್ತದೆ. ತಮ್ಮ ಬಲಜೇಬಿನ ದುಡ್ಡು ಎಡಜೇಬಿಗೆ ಹಾಕಿ ಗಳಿಕೆ ಎನ್ನುತ್ತಾರೆ. 2020ರ ಏಪ್ರಿಲ್‌ನಿಂದ ಈ ಗಳಿಕೆಗೆ ತೆರಿಗೆಯೂ ಅವರದೇ ತಲೆಗೆ.

ಡಿವಿಡೆಂಡು ಷೇರು ಬೆಲೆಯ ಶೇಕಡಾ ಇಷ್ಟು ಎಂದು ಬಾಯಿ ಬಿಡುವವರೂ ಇದ್ದಾರೆ. ಷೇರು ಬೆಲೆ ಅರ್ಧಕ್ಕೆ ಕುಸಿದರೆ ಹೋದ ವರ್ಷದ ಡಿವಿಡೆಂಡಿನ ಶೇಕಡಾ ತಾನಾಗಿ ಎರಡು ಪಟ್ಟಾಗುತ್ತದೆ. ಕಂಪನಿ ಮುಳುಗುತ್ತಿರುವುದನ್ನೇ ಕಮಿಷನ್‌ನವರು ಆದಾಯ ಎಂದು ಮಾರುತ್ತಾರೆ. ಇವರು ಚೌಕಾಸಿಯನ್ನೂ ಮಾಡದೆ ಕೊಳ್ಳುತ್ತಾರೆ.

‘ನಾವು ದುಡ್ಡು ಹಂಚಿ ಹಾಕೀವ್ರಿ’ ಎನ್ನುತ್ತಾರೆ ಇನ್ನು ಕೆಲವರು. ಹೇಗೆ? ವಾಡಿಯದು ಸ್ವಲ್ಪ, ಇಟಗಾದ ಓರಿಯಂಟ್ ಸ್ವಲ್ಪ, ಮಳಖೇಡದ ರಾಜಶ್ರೀ ನಡೆಸುವ ಅಲ್ಟ್ರಾಟೆಕ್ ಸ್ವಲ್ಪ, ಸೇಡಂನ ವಾಸವದತ್ತಾ ನಡೆಸುತ್ತಿದ್ದ ಕೇಸೋರಾಂ ಸ್ವಲ್ಪ. ನಾಲ್ಕೂ ಸಿಮೆಂಟು. 2025ರ ಏಪ್ರಿಲ್‌ನಲ್ಲಿ ಓರಿಯಂಟೂ ಅದಾನಿಯ ಅಂಬುಜಾ ಕೈಗೆ ಹೋಯಿತು. ಮಾರ್ಚ್‌ನಲ್ಲೇ ವಾಸವದತ್ತಾ ಅಲ್ಟ್ರಾಟೆಕ್ ಸೇರಿತ್ತು. ನಾಲ್ಕು ಕಾರ್ಖಾನೆಗೆ ಒಡೆಯರು ಇಬ್ಬರೇ. ಇದಕ್ಕೆ ಹಂಚಿಕೆ ಅಂತ ಹೆಸರು.

ಮಗನ ಕೆಲಸ ಸಿಮೆಂಟಿನಲ್ಲಿ. ಲಾರಿ ಓಡುವುದು ಸಿಮೆಂಟಿಗೆ. ಮನೆ ಬಾಡಿಗೆ ಬರುವುದು ಸಿಮೆಂಟಿನವರಿಂದ. ಉಳಿದ ನಾಲ್ಕು ಕಾಸೂ ಸಿಮೆಂಟಿಗೇ. ಶಹಾಬಾದ್ ಇಲ್ಲೇ ಇದೆ, ಅಲ್ಲಿನ ಹಳೆ ಸಿಮೆಂಟ್ ಕಾರ್ಖಾನೆ ಮುಚ್ಚಿದ್ದನ್ನು ಎಲ್ಲರೂ ಬಲ್ಲರು. ಬಲ್ಲವರೇ ಷೇರು ಕೊಳ್ಳುತ್ತಾರೆ.

ವಾಸವದತ್ತಾ ಅಲ್ಟ್ರಾಟೆಕ್ ಸೇರಿದಾಗ ಕೇಸೋರಾಂ ನೆಚ್ಚಿದ್ದವರಿಗೆ ಸಿಕ್ಕಿದ ಲೆಕ್ಕ ಕೇಳಿ: 52 ಷೇರಿಗೆ ಅಲ್ಟ್ರಾಟೆಕ್ಕಿನ 1. ಅದಕ್ಕಿಂತ ಕಡಿಮೆ ಇದ್ದವರ ಪಾಲಿಗೆ ಚಿಲ್ಲರೆ. ಅವರೂ ಈಗ ಮುಂದಿನ ಡಿವಿಡೆಂಡ್ ಯಾವಾಗ ಅಂತ ಕೇಳುತ್ತಿದ್ದಾರೆ.