ಪಾರ್ಸಲ್ ಮಾವ

ರಾಯಚೂರು ಸೀಮೆಯ ಯಾಪಲದಿನ್ನಿಯಂಥ ಊರಲ್ಲಿ ಕಟ್ಟೆಗೊಬ್ಬ ಮಾವ ಇರುತ್ತಾನೆ. ಆತನ ಅಂಗಿ ಜೇಬಿನಲ್ಲಿ ಫೋನಿರುತ್ತದೆ, ಫೋನಿನಲ್ಲಿ ನಾಲ್ಕು ಅಂಗಡಿಗಳ ಆ್ಯಪುಗಳಿರುತ್ತವೆ, ಕಾರ್ಡು ಮಾತ್ರ ಇರುವುದಿಲ್ಲ. ಕಾರ್ಡು ಬೆಂಗಳೂರಿನ ಪೀಜಿಯಲ್ಲಿರುವ ಅಳಿಯನದು. ಸಾಮಾನು ಹತ್ತಿ ಹೊಲದ ಬೀಗರದು. ಬಂದು ಇಳಿಯುವುದು ಕಿರಾಣಿ ಅಂಗಡಿಯಲ್ಲಿ. ಹಾಗಾದರೆ ಮಾವನದೇನು ಅಂದಿರಾ? ಒತ್ತುವ ಬೆರಳು ಆತನದು.

ವಿಳಾಸ ತುಂಬುವಾಗ ಮಾವನನ್ನು ನೋಡಬೇಕು. ಚಾಳೀಸು ಹಣೆಗೇರಿಸಿ, ಫೋನನ್ನು ಮೊಳದುದ್ದ ದೂರ ಹಿಡಿದು ಕೂಡುತ್ತಾನೆ. ಮನೆ ನಂಬರ್ ಕೇಳುವ ಕಡೆ ‘ಹನುಮಪ್ಪನ ಗುಡಿ ಹಿಂದ’. ರಸ್ತೆ ಕೇಳುವ ಕಡೆ ‘ಬೇವಿನ ಗಿಡ’. ಲ್ಯಾಂಡ್‌ಮಾರ್ಕ್ ಕೇಳಿದರೆ ‘ಯಾರನ್ನರ ಕೇಳ್ರಿ’. 1972ರ ಆಗಸ್ಟ್ 15ರಂದು ಹುಟ್ಟಿದ ಪಿನ್ ಕೋಡಿನ ಆರು ಅಂಕಿಗಳಲ್ಲಿ ಮೊದಲ ಮೂರರ ಮೇಲಷ್ಟೇ ಮಾವನಿಗೆ ಭರವಸೆ: 584 ಅಂದರೆ ನಮ್ಮ ರಾಯಚೂರು ಸೀಮೆ. ಮುಂದಿನ ಮೂರಕ್ಕೆ ಕಣ್ಣು ಮುಚ್ಚಿ 101 ಹಾಕುತ್ತಾನೆ. ಅದು ರಾಯಚೂರಿನ ದೊಡ್ಡ ಪೋಸ್ಟಿನದು. ದೊಡ್ಡವರಿಗೆ ಹೇಳಿದರೆ ಸಣ್ಣವರಿಗೆ ಮುಟ್ಟುತ್ತದೆ ಎಂಬ ಲೆಕ್ಕ. ಮುಟ್ಟುವುದಿಲ್ಲ. ಪಾರ್ಸಲ್ ಹುಡುಗ ರಾಯಚೂರಿನಿಂದಲೇ ಫೋನು ಮಾಡಿ, ‘ಸರ್, ಇಲ್ಲೇ ಬಂದು ತಗೊಂಡ್ ಹೋಗ್ರಿ’ ಅನ್ನುತ್ತಾನೆ. ಹದಿನಾರು ಲೀಟರಿನ ಔಷಧಿ ಹೊಡೆಯುವ ಪಂಪು ಕಡೆಗೆ ಬಸ್ಸಿನ ಕಂಡಕ್ಟರನ ಕಾಲಡಿ ಕೂತು ಊರು ಸೇರುತ್ತದೆ.

ಇನ್ನು ಓಟಿಪಿ. 2009ರ ಆಗಸ್ಟಿನಿಂದ ಆನ್‌ಲೈನಿನಲ್ಲಿ ಕಾರ್ಡು ಬಳಸಬೇಕಾದರೆ ಇನ್ನೊಂದು ಗುಟ್ಟಿನ ಗುರುತೂ ಬೇಕೆಂದು ರಿಸರ್ವ್ ಬ್ಯಾಂಕು ಕಡ್ಡಾಯ ಮಾಡಿತು. ಹೀಗಾಗಿ ನಮ್ಮಲ್ಲಿ ಬಿಲ್ಲಿನ ವಿಳಾಸ ಬೆಂಗಳೂರೋ ಯಾಪಲದಿನ್ನಿಯೋ ಎಂದು ತಲೆ ಕೆಡಿಸಿಕೊಳ್ಳುವವರಿಲ್ಲ, ಓಟಿಪಿ ಕೂಡಿದರೆ ಆಯಿತು. ಅದು ಬರುವುದು ಅಳಿಯನ ಫೋನಿಗೆ, ಅದೂ ಅವನು ಮೀಟಿಂಗಿನಲ್ಲಿದ್ದಾಗ. ಮಾವ ಮಾಳಿಗೆ ಹತ್ತಿ, ಸಿಗ್ನಲ್ ಸಿಗುವ ಮೂಲೆಯಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗುತ್ತಾನೆ:

‘ಲಗೂನ ಹೇಳೋ, ಟೈಮ್ ಹೊಂಟದ!’

‘ಮಾವ, ಯಾರಿಗೂ ಹೇಳಬ್ಯಾಡ ಅಂತ ಬ್ಯಾಂಕಿನವರು ಬರದಾರ.’

‘ಯಾರಿಗೂ ಅಂತ ಬರದಾರ. ಮಾವಗ ಹೇಳಬ್ಯಾಡ ಅಂತ ಬರದಾರೇನು?’

ಆರು ಅಂಕಿಗಳು ಮಾಳಿಗೆಯ ಮೇಲಿಂದ ಗಟ್ಟಿಯಾಗಿ ಓಣಿಗೆ ಇಳಿಯುತ್ತವೆ. ಪುಣ್ಯಕ್ಕೆ ಓಣಿಯಲ್ಲಿ ಎಮ್ಮೆ ಬಿಟ್ಟರೆ ಯಾರೂ ಇರುವುದಿಲ್ಲ.

ಮಾವನಿಗೆ ನಿಜವಾದ ಅವಮಾನವಾದದ್ದು ಟೆಕ್ಸಾಸಿನ ಅಳಿಯನಿಂದ. ಅವನು ಅಲ್ಲಿನ ಕಾರ್ಡಿನಲ್ಲಿ ಮಾವನಿಗೊಂದು ಕೈಗಡಿಯಾರ ಕಳಿಸಹೋದ. ಅಮೆರಿಕದಲ್ಲಿ ಮನೆ ನಂಬರಿನ, ಜಿಪ್ ಕೋಡಿನ ಅಂಕಿಗಳನ್ನು ಬ್ಯಾಂಕಿನ ದಾಖಲೆಗೆ ತಾಳೆ ಹಾಕುವ ಪದ್ಧತಿಯಿದೆ. ಬಿಲ್ಲು ಒಂದೂರಿಗೆ, ಮಾಲು ಇನ್ನೊಂದೂರಿಗೆ ಹೊರಟರೆ ಅಂಗಡಿಯವನಿಗೆ ಗುಮಾನಿ. ಕಾರ್ಡು ಕದ್ದದ್ದಾಗಿದ್ದರೆ ಸಾಮಾನು ಹೋಗಿ, ಹಣವನ್ನೂ ವಾಪಸು ತೆರಬೇಕಾದವನು ಸಾಮಾನ್ಯವಾಗಿ ಅವನೇ. ಹೀಗಾಗಿ ಆ ಅಂಗಡಿ ಆರ್ಡರನ್ನೇ ರದ್ದು ಮಾಡಿತು. ಅಂಗಡಿಯವನ ಭಯ ನ್ಯಾಯವಾದದ್ದೇ ಎಂದು ನಾನು ಹೇಳಹೋಗಿ ಮಾವನಿಂದ ಬೈಸಿಕೊಂಡೆ: ‘ಕೊಡಾಂವ ಅವ, ತಗೊಳ್ಳಾಂವ ನಾ, ನಡುಬರಕ ಇವರಿಗೇನು ಸಂಶಯ? ಮದುವ್ಯಾಗ ಮುಯ್ಯಿ ಹಾಕೋರ ಮನಿ ನಂಬರ್ ಕೇಳತಾರೇನು?’ ಈ ಪ್ರಶ್ನೆಗೆ ಟೆಕ್ಸಾಸಿನಲ್ಲಿ ಉತ್ತರವಿದ್ದಂತೆ ಕಾಣೆ.

ಆ ಸಿಟ್ಟಿಗೆ ಮಾವ ಸ್ವಂತ ಕಾರ್ಡಿಗೇ ಅರ್ಜಿ ಹಾಕಿದ. ಊರಿನ ವಿಳಾಸ ಬರೆದರೆ ಅದೂ ರಾಯಚೂರಿನಲ್ಲೇ ಕೂತೀತೆಂದು ಅಳಿಯನ ಪೀಜಿಯ ವಿಳಾಸ ಕೊಟ್ಟ. ಮೊಬೈಲ್ ನಂಬರ್ ಮಾತ್ರ ತನ್ನದು. ಕಾರ್ಡು ಸುಸೂತ್ರವಾಗಿ ಬೆಂಗಳೂರು ಮುಟ್ಟಿತು. ಮುಂದಿನ ವಾರ ಅಳಿಯನ ಫೋನು ಬಂತು. ಬೂಟು ಕೊಳ್ಳುತ್ತಿದ್ದನಂತೆ, ತನ್ನ ಕಾರ್ಡಿನ ಮಿತಿ ಮುಗಿದಿತ್ತಂತೆ.

‘ಮಾವ, ಒಂದು ಓಟಿಪಿ ಬಂದಿರ್ತದ ನೋಡು. ಲಗೂನ ಹೇಳು.’

ಮಾವ ಚಾಳೀಸು ಇಳಿಸಿದ. ಮೆಸೇಜನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ.

‘ಯಾರಿಗೂ ಹೇಳಬ್ಯಾಡ ಅಂತ ಬರದಾರಲ್ಲಪ್ಪ’ ಅಂದ.