ಡಿಐ ಪಾರ್ಟಿ, ಸೆನ್ಸರ್ ಪಾರ್ಟಿ

ಪಂಚಾಯ್ತಿ ಚುನಾವಣೆ ಐದು ವರ್ಷಕ್ಕೊಮ್ಮೆ ಬರುತ್ತದೆ. ಆದರೆ ಘೋಡಗೇರಿಯ ಚಹಾದಂಗಡಿಯಲ್ಲಿ ಯಾರಾದರೂ "ಒಂದು ಸೆಕೆಂಡ್ ಹ್ಯಾಂಡ್ ಜೀಪು ನೋಡಬೇಕಂತೀನಿ" ಎಂದು ಬಾಯಿಬಿಟ್ಟರೆ ಸಾಕು, ಅವತ್ತೇ ಇನ್ನೊಂದು ಚುನಾವಣೆ. ಕಣದಲ್ಲಿ ಎರಡೇ ಪಾರ್ಟಿ.

ಡಿಐ ಪಾರ್ಟಿಯವರು ತಲೆ ನರೆತವರು. ಮಹೀಂದ್ರಾದ 2523 ಸಿಸಿ ಡಿಐ ಇಂಜಿನ್ನೇ ಅವರ ಪ್ರಣಾಳಿಕೆ. ಅವರಲ್ಲೂ ಕಟ್ಟಾ ಸನಾತನಿಗಳು ಎಂಎಂ 540 ಜೀಪಿನ 2112 ಸಿಸಿ ಪೂಜೋ ಇಂಜಿನ್ನಿಗೇ ಕೈಮುಗಿಯುತ್ತಾರೆ. "ವೈರ್ ಇಲ್ಲದ ಗಾಡಿಗೆ ವೈರಿ ಇಲ್ಲ" ಎಂಬುದು ಅವರ ಘೋಷಣೆ. "ಕೆಡಾಕ ಅದರಾಗ ಏನರ ಇರಬೇಕಲ್ರೀ!" ಎಂದು ಒಬ್ಬ ಕಾಕಾ ಕೇಳಿದಾಗ ಉತ್ತರ ಕೊಡುವುದು ಕಷ್ಟ. ಡೀಸೆಲ್ ಪಂಪು ಪೂರಾ ಮೆಕ್ಯಾನಿಕಲ್. ಬೆಂಗಳೂರು ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಆಯಿತು, ಆದರೆ ನಮ್ಮ ಮೇಸ್ತ್ರಿಗಳ ಬಾಯಲ್ಲಿ ಅದು ಇವತ್ತಿಗೂ "ಮೈಕೋ ಪಂಪು".

ಈ ಭಕ್ತಿಯ ಬೇರು ನಮ್ಮ ಜಿಲ್ಲೆಯಲ್ಲೇ ಇದೆ. ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಮುಂದೆ ಅದೇ ಮನೆತನದ ಹೆಸರು ಹೊತ್ತ ಡೀಸೆಲ್ ಇಂಜಿನ್ನುಗಳು ಹೊಳೆದಂಡೆಯಲ್ಲಿ ಕೂತು ಕಬ್ಬಿಗೆ ನೀರೆತ್ತಿದವು. ಹೊಲದ ಬದುವಿನ ಮೇಲೆ ಇಂಜಿನ್ ಬಿಚ್ಚಿ ಜೋಡಿಸಿದ ಕೈ ಜೀಪಿನ ಬಾನೆಟ್ ಎತ್ತಲು ಯಾಕೆ ಹೆದರೀತು?

ಇಷ್ಟೆಲ್ಲ ಹೊಗಳುವ ಕಾಕಾ ತನ್ನ ಜೀಪು ಮಾರಲು ಯಾಕೆ ನಿಂತಿದ್ದಾನೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನೀವು ಕೇಳಬೇಡಿ, ನೋಡಿ. ಇಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದೇ ಬಾಯಿಯ ಮೇಲೆ ಬೋರಲು ಇಡಿ. ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಪಾರಿಜಾತದ ಆಟದವರಂತೆ ಕುಣಿದು ಕೆಳಗೆ ಹಾರಿದರೆ ಪಿಸ್ಟನ್ ರಿಂಗು ಸವೆದಿದೆ, ಮೇಲೆ ಉರಿದ ಗಾಳಿ ಕೆಳಗೆ ನುಸುಳುತ್ತಿದೆ. ಕಾಕಾ ಅದಕ್ಕೂ ತಯಾರು: "ಪವರ್ ಐತ್ರೀ, ಅದಕ್ಕ ಕುಣೀತೈತಿ." ಅವನ ಪ್ರಕಾರ ನೀಲಿ ಹೊಗೆ ಬಂದರೆ ಥಂಡಿ, ಕರಿ ಹೊಗೆ ಬಂದರೆ ಲೋಡು. ನೀಲಿ ಎಂದರೆ ಆಯಿಲ್ ಸುಡುತ್ತಿದೆ ಎಂದು ಪಕ್ಕದಲ್ಲಿ ನಿಂತ ಹುಡುಗನಿಗೂ ಗೊತ್ತು, ಹೇಳುವುದಿಲ್ಲ. ಕಾಕಾ ಅವನ ಸ್ವಂತ ಮಾವ.

ಇನ್ನು ಕಾಗದಪತ್ರ. ಇಂಜಿನ್ ಅಮರ ಇರಬಹುದು, ಆರ್‌ಸಿ ಅಮರವಲ್ಲ. 15 ವರ್ಷವಾದ ಮೇಲೆ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ ನೋಂದಣಿ ನವೀಕರಿಸಬೇಕು. ಅಗ್ಗ ಸಿಕ್ಕಿತೆಂದು ಕೊಲ್ಹಾಪುರದ ಎಂಎಚ್ 09 ಗಾಡಿ ತಂದರೆ ಎನ್‌ಒಸಿ, ಮೇಲೆ ಕರ್ನಾಟಕದ ತೆರಿಗೆ ಬೇರೆ.

ಸೆನ್ಸರ್ ಪಾರ್ಟಿ ಹುಡುಗರದು. ಅವರ ದೇವರು 2020ರಲ್ಲಿ ಬಂದ ಹೊಸ ಥಾರ್: 2184 ಸಿಸಿ, 130 ಕುದುರೆ ಶಕ್ತಿ. ಕಾಕಾನ ಡಿಐಯದು ಅದರ ಅರ್ಧವೂ ಆಗುವುದಿಲ್ಲ. ಹತ್ತಿದವರಿಗೆ ಕಿವಿ ತಂಪು, ಸೊಂಟ ತಂಪು. ಆದರೆ ಇದರ ಕಾಮನ್ ರೇಲ್‌ನಲ್ಲಿ ಡೀಸೆಲ್ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಕೂತಿರುತ್ತದೆ. ನಿಮ್ಮ ಟೈರಿನಲ್ಲಿರುವುದು ಎರಡು ಬಾರ್. ಬ್ಯಾರೆಲ್ಲಿನ ತಳದ ನೀರು ಬೆರೆತ ಡೀಸೆಲ್ಲನ್ನು ಡಿಐ ಕೆಮ್ಮಿ ನುಂಗುತ್ತಿತ್ತು, ಇದರ ಇಂಜೆಕ್ಟರು ನುಂಗುವುದಿಲ್ಲ.

ಅದಕ್ಕಿಂತ ದೊಡ್ಡ ಫಜೀತಿ ಡಿಪಿಎಫ್‌ದು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂತು. ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಜಾಳಿಗೆ ಕೂತಿತು. ಆ ಮಸಿ ಸುಟ್ಟುಹೋಗಲು ಜಾಳಿಗೆ ಸುಮಾರು 600 ಡಿಗ್ರಿ ಕಾಯಬೇಕು, ಅದಕ್ಕೆ ಗಾಡಿ ಒಂದೇ ಸಮನೆ ಓಡಬೇಕು. ನಮ್ಮ ಹುಡುಗನ ಓಟವೋ ಮನೆಯಿಂದ ಕಬ್ಬಿನ ಹೊಲ, ಹೊಲದಿಂದ ಚಹಾದಂಗಡಿ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟು ಹತ್ತುತ್ತದೆ. ಆಗ ಸಂಕೇಶ್ವರದ ಕಡೆ ಹೋಗಿ ಹೆದ್ದಾರಿ ಹಿಡಿದು ಗಾಡಿ ಓಡಿಸಿ ಬರಬೇಕು. "ಎತ್ತ ಹೊಂಟೀಯೋ?" ಎಂದರೆ "ಗಾಡಿ ಹೊಟ್ಟಿ ತೊಳಸಾಕ್ರೀ" ಎನ್ನುತ್ತಾನೆ. ಲೈಟಿಗೆ ಕಣ್ಣುಮುಚ್ಚಿದರೆ ಇಂಜಿನ್ ಕುಂಟುತ್ತದೆ, ಪಾನಾ ಹಿಡಿದ ಮೇಸ್ತ್ರಿ ಕೈಚೆಲ್ಲುತ್ತಾನೆ, ಲ್ಯಾಪ್‌ಟಾಪ್ ಇದ್ದಲ್ಲಿಗೆ ಎಳೆದುಕೊಂಡು ಹೋಗಬೇಕು.

ಮಳೆಗಾಲದಲ್ಲಿ ಎರೆಹೊಲದ ರಾಡಿಗೆ ಇಳಿದಾಗ ಈ ಎರಡೂ ಪಾರ್ಟಿಗಳನ್ನು ಎಳೆದು ದಡ ಸೇರಿಸುವುದು ಟ್ರ್ಯಾಕ್ಟರು. ಅದು ಯಾವತ್ತೂ ಭಾಷಣ ಮಾಡಿಲ್ಲ.

ನನ್ನ ಓಟು ಪಕ್ಷೇತರನಿಗೆ: 2017ರಿಂದ 2020ರ ನಡುವಿನ ಬಿಎಸ್ 4 ಥಾರ್ ಸಿಆರ್‌ಡಿಇ. ಕಾಮನ್ ರೇಲ್ ಇದೆ, 105 ಕುದುರೆ ಶಕ್ತಿ ಇದೆ, ಮಸಿ ಜಾಳಿಗೆ ಇಲ್ಲ, ಆರ್‌ಸಿಗೂ ಇನ್ನೂ ವಯಸ್ಸಿದೆ. ಇದನ್ನು ಹೇಳಿದ್ದಕ್ಕೆ ಎರಡೂ ಪಾರ್ಟಿಯವರು ನನಗೆ ಚಹಾ ಹೇಳುವುದನ್ನು ಬಿಟ್ಟಿದ್ದಾರೆ. ತೊಂದರೆ ಒಂದೇ, ಇಂಥ ಗಾಡಿ ಇದ್ದವರು ಸುಲಭಕ್ಕೆ ಮಾರುವುದಿಲ್ಲ. ಮಾರುವವನು ಸಿಕ್ಕರೆ ನಸುಕಿನಲ್ಲೇ, ಹೇಳದೆ ಹೋಗಿ. ಕೀಲಿ ಕೇಳುವ ಮೊದಲು ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಮಾಲಕ ನಿಮಗಿಂತ ಮುಂಚೆ ಎದ್ದಿದ್ದಾನೆ.